ಗುರುತಿನ ಚೀಟಿ

ಲಂಡನ್ನಿನ ಪೆಕ್ಹ್ಯಾಮ್‌ನಲ್ಲಿ, ಜಡೆ ಹೆಣೆಯುವ ಅಂಗಡಿಯ ಮುಂದೆ ವಲಸೆ ಇಲಾಖೆಯ ವ್ಯಾನು ಬಂದು ನಿಂತದ್ದೇ ತಡ, ಗಿರಾಕಿ ಅರಾಬಾಳ ತಲೆಯಲ್ಲಿ ಬೈತಲೆ ತೆಗೆಯುತ್ತಿದ್ದ ಇಸಾತು ಕಿಟಕಿಯಿಂದ ಹಿಂದೆ ಸರಿದಳು. ಅವಳಿಗೆ ಕೆಲಸದ ಪರವಾನಗಿ ಇರಲಿಲ್ಲ. ಬಾಚಣಿಗೆ ಹಿಡಿದು ಸಿಕ್ಕಿಬಿದ್ದರೆ ಸಿಯೆರಾ ಲಿಯೋನ್‌ಗೆ ಅಟ್ಟುತ್ತಿದ್ದರು.

“ಅಕ್ಕಾ, ಮುಗೀತು ನನ್ ಕಥೆ.”

“ಬಾಯ್ಮುಚ್ಕೊಂಡು ಕೂತ್ಕೋ!” ಅರಾಬಾ ಎದ್ದು ಅವಳನ್ನು ಕುರ್ಚಿಗೆ ದೂಡಿ, ತನ್ನ ವಿಶ್ವವಿದ್ಯಾಲಯದ ಗುರುತಿನ ಚೀಟಿಯನ್ನು ಅವಳ ಮಡಿಲಿಗೆ ಹಾಕಿ, ಬಾಚಣಿಗೆ ಕಿತ್ತುಕೊಂಡಳು. ಕಪ್ಪು ಹೆಂಗಸರ ವಲಸೆಯ ಬಗ್ಗೆ ಪುಸ್ತಕ ಬರೆಯುವ ಪ್ರೊಫೆಸರ್ ಅರಾಬಾ ತಾನೇ ಜಡೆ ಹೆಣೆದು ವರ್ಷಗಳೇ ಆಗಿದ್ದವು.

“ಅಯ್ಯೋ ಮೆಲ್ಲಗೆ! ಕೂದ್ಲು ಕಿತ್ ಬರುತ್ತೆ,” ಇಸಾತು ಗಿರಾಕಿಯ ಹಾಗೇ ರೇಗಿದಳು.

ಒಳಬಂದ ಬಿಳಿಯ ಅಧಿಕಾರಿ ಚೀಟಿಯ ಫೋಟೋ ನೋಡಿದ, ಇಸಾತುವಿನ ಮುಖ ನೋಡಿದ. ಮೈಬಣ್ಣ ಬಿಟ್ಟರೆ ಅವರಿಬ್ಬರಿಗೂ ಯಾವ ಹೋಲಿಕೆಯೂ ಇರಲಿಲ್ಲ.

“ಕ್ಷಮಿಸಿ, ಪ್ರೊಫೆಸರ್,” ಎಂದು ಚೀಟಿ ಮರಳಿಸಿದವನು ಅರಾಬಾಳ ಕಡೆ ತಿರುಗಿದ. “ನಿನ್ ಕಾಗದ ಎಲ್ಲಮ್ಮಾ?”

“ಮನೇಲಿದೆ.”

“ಮನೇಲಾ? ಯಾವ ದೇಶದಲ್ಲಿ?”

ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ಅರಾಬಾ ಇಸಾತುವಿನ ಜಡೆಯನ್ನು ಇನ್ನಷ್ಟು ಬಿಗಿಯಾಗಿ ಹೆಣೆಯತೊಡಗಿದಳು.