ರೈತ ದಂಪತಿ

ಸೀನು ಬಂತು. ರಂಗನಾಯಕ ಉಸಿರು ಬಿಗಿಹಿಡಿದು ಅದನ್ನು ಮೂಗಿನಲ್ಲೇ ಕೊಂದ. ಬೊಂಬೆಗಳು ಸೀನುವುದಿಲ್ಲ.

ಮುಖ ಮೈಗೆಲ್ಲ ಕೆಮ್ಮಣ್ಣು ಬಳಿದಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗುದ್ದಲಿ. ಉಸಿರಾಟ ಕಾಣದಿರಲೆಂದು ಹೊದಿಸಿದ್ದ ಕಂಬಳಿ ಮೈಯನ್ನೆಲ್ಲ ಕಡಿಯುತ್ತಿತ್ತು. ಕಾಲ ಬಳಿ ಒಂದು ಹಲಗೆ: 'ರೈತ ದಂಪತಿ, ಹರದನಹಳ್ಳಿ'.

ಚಾಮರಾಜನಗರದ ಹಳೆಯ ಛತ್ರವೊಂದರಲ್ಲಿ ತೆರೆಯಲಿದ್ದ ವಸ್ತುಸಂಗ್ರಹಾಲಯಕ್ಕೆ ಅವನು ಜವಾನ. ಅದೂ ಹಂಗಾಮಿ. ಮೈಸೂರಿನಿಂದ ರೈಲಿನಲ್ಲಿ ಬಂದ ಎರಡು ಪ್ಲಾಸ್ಟರ್ ಬೊಂಬೆಗಳನ್ನು ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ತಂದವನು ಅವನೇ. ಹೆಂಗಸಿನ ಪೆಟ್ಟಿಗೆಯನ್ನು, ಊಟದ ಹೊತ್ತು ಮೀರಿತೆಂದು, ಒಳಗೆ ದೊಪ್ಪನೆ ಇಳಿಸಿದ್ದ. ಗಂಡಸಿನ ಪೆಟ್ಟಿಗೆ ಮೆಟ್ಟಿಲ ಮೇಲೇ ಕೈಜಾರಿತು. ಬಿಚ್ಚಿ ನೋಡಿದರೆ ರೈತನ ತಲೆ ಒಂದು ಕಡೆ, ಮುಂಡ ಒಂದು ಕಡೆ.

ಮೇಲ್ವಿಚಾರಕ ಸಿದ್ದಮಲ್ಲಪ್ಪ ಬೈಯಲಿಲ್ಲ. ಅದೇ ಭಯ ಹುಟ್ಟಿಸಿತು.

"ನಾಳೆ ಮೈಸೂರಿನ ಸಾಹೇಬರು ಬರ್ತಾರೆ. ಬೊಂಬೆ ಇಲ್ಲ ಅಂದ್ರೆ ಈ ಕೆಲಸದಲ್ಲಿ ನೀನೂ ಇಲ್ಲ. ಎಲ್ಲ ಸರಿಯಾಗಿ ಕಂಡರೆ ಕಾಯಂ ಮಾಡಿಸ್ತೀನಿ."

"ರಾತ್ರೋರಾತ್ರಿ ಬೊಂಬೇನ ಎಲ್ಲಿಂದ ತರನ ಬುದ್ಧಿ?"

ಸಿದ್ದಮಲ್ಲಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ನೀನು ಹರದನಹಳ್ಳಿಯವನೇ ಅಲ್ವೇನಯ್ಯ?"

ಹೆಂಗಸಿನ ಪೆಟ್ಟಿಗೆಯನ್ನು ಮಾತ್ರ ಮುಟ್ಟಗೊಡಲಿಲ್ಲ. "ಅದನ್ನ ನಾನೇ ಬಿಚ್ಚಿ ಕೂರಿಸ್ತೀನಿ. ಅದರ ಹತ್ರ ನೀನು ಸುಳೀಬೇಡ. ನೀನು ಮುಟ್ಟಿದ್ದೆಲ್ಲ ಒಡೆಯುತ್ತೆ."

ಹಾಗಾಗಿ ಬೆಳಿಗ್ಗೆ ಮಣ್ಣು ಬಳಿಸಿಕೊಂಡು ಅವನು ಒಳಗೆ ಬರುವಷ್ಟರಲ್ಲಿ ಹೆಂಗಸು ಸಿದ್ಧವಾಗಿ ಕೂತಿದ್ದಳು. ಗೋಡೆಯತ್ತ ಮುಖ, ಅವನತ್ತ ಬೆನ್ನು, ತಲೆ ತುಂಬ ಸೆರಗು, ಕೈ ರಾಗಿಕಲ್ಲಿನ ಗೂಟದ ಮೇಲೆ. ಕಿಟಕಿಗಳನ್ನು ಅರ್ಧ ಮುಚ್ಚಿ ಸಿದ್ದಮಲ್ಲಪ್ಪ ಬಾಗಿಲಿಗೆ ಓಡಿದ.

ಸಾಹೇಬರ ಕಾರು ದಾರಿಯಲ್ಲೆಲ್ಲೋ ಊಟಕ್ಕೆ ನಿಂತಿತ್ತು. ಊಟ ಮುಗಿಯುವ ಸೂಚನೆ ಇರಲಿಲ್ಲ. ರಂಗನಾಯಕನಿಗೆ ಬೇಸರ ಹತ್ತಿತು. ತುಟಿ ಅಲುಗದಂತೆ ಬೊಂಬೆಯೊಡನೆ ಮಾತಿಗಿಳಿದ.

"ನೀನೇ ಪುಣ್ಯವಂತೆ ಕಣಮ್ಮಿ. ಕಡಿತ ಇಲ್ಲ, ತುರಿಕೆ ಇಲ್ಲ. ಬಾಯೂ ಇಲ್ಲ. ನಮ್ಮನೇಲೂ ಒಬ್ಳು ಅವ್ಳೆ, ಚಿಕ್ಕನಿಂಗಿ. ಕೋಳಿ ಕೂಗೋಕ್ಮುಂಚೆ ಬಾಯಿ ತೆಗುದ್ರೆ ದೀಪ ಹಚ್ಚೋಗಂಟ ಮುಚ್ಚಾಕಿಲ್ಲ."

ಬೊಂಬೆ ಸುಮ್ಮನಿತ್ತು. ಕೇಳುವವರು ಹೀಗಿರಬೇಕು ಅನ್ನಿಸಿತು ಅವನಿಗೆ.

"ಅವ್ಳು ಕಟ್ಟಿ ಕೊಡೋ ಹಿಟ್ಟಿನ ಮುದ್ದೆಯೊ, ಅದ್ರಲ್ಲಿ ಕೋಟೆ ಕಟ್ಬೋದು. ದಿನಾ ಇಲ್ಲಿ ನಾಯಿಗಾಕ್ಬುಟ್ಟು ಹೋಟ್ಲಲ್ಲಿ ಇಡ್ಲಿ ತಿಂತೀನಿ. ಮನೆಗೋಗಿ 'ಏನು ರುಚಿ ಕಣೆ' ಅಂತೀನಿ. ಹಿಗ್ಗೋಯ್ತಳೆ. ಇನ್ನು ತವ್ರೂರು ಕುದೇರಿಂದ ಬಂದು ಕೂತವ್ನಲ್ಲ ಅವ್ಳ ತಮ್ಮ, ಅವ್ನೊಬ್ಬ ಕುಂಬಳಕಾಯಿ. ಆ ವಂಸಾನೇ ಅಂಗೆ."

ಹೊರಗೆ ಕಾರಿನ ಹಾರನ್ ಕೇಳಿತು. ರಂಗನಾಯಕ ಮತ್ತೆ ಬೊಂಬೆಯಾದ.

ಸಾಹೇಬರ ಜೊತೆ ಸಂಶೋಧಕ ನೀಲಕಂಠಸ್ವಾಮಿ ಇದ್ದರು. ಹಳ್ಳಿಯ ಬಾಳಿನ ಮೇಲೆ ಗ್ರಂಥ ಬರೆಯುತ್ತಿದ್ದವರು. ಧೂಳು ಆಗದ ಕಾರಣ ಹಳ್ಳಿಗಳನ್ನು ಕಾರಿನ ಗಾಜಿನಿಂದಲೇ ನೋಡಿದ್ದರು. ಹಗ್ಗದಾಚೆ ನಿಂತು ರಂಗನಾಯಕನನ್ನು ಪರೀಕ್ಷಿಸಿದರು.

"ಗಂಡಸು ಸರಿಬಂದಿಲ್ಲ. ನಮ್ಮ ರೈತನಿಗೆ ಇಂಥ ಹೊಟ್ಟೆ ಎಲ್ಲಿಂದ ಬರಬೇಕು? ಕಿವಿಗಳೂ ಕೃತಕ. ಇದನ್ನು ಮಾಡಿದವನು ಹಳ್ಳಿಯವರನ್ನು ಕಂಡೇ ಇಲ್ಲ." ಬೆತ್ತ ಚಾಚಿ ಹೊಟ್ಟೆಗೆ ತಟ್ಟಿದರು. "ಒಳಗೆ ಪೊಳ್ಳು ಬಿಟ್ಟಿದ್ದಾರೆ."

ಪೊಳ್ಳು ನೋವನ್ನು ನುಂಗಿಕೊಂಡಿತು.

"ಹೆಂಗಸಿನ ಮುಖ ಯಾಕೆ ಗೋಡೆಯ ಕಡೆ?" ಸಾಹೇಬರು ಕೇಳಿದರು.

"ಹಳ್ಳಿ ಹೆಂಗಸು ಸಾರ್," ಎಂದ ಸಿದ್ದಮಲ್ಲಪ್ಪ. "ನಾಚಿಕೆ."

"ಅದೇ ಕಲೆ," ನೀಲಕಂಠಸ್ವಾಮಿಯವರ ದನಿ ತಗ್ಗಿತು. "ಆ ಬೆನ್ನು ನೋಡಿ. ಎಷ್ಟು ಬಿಗಿದಿದೆ. ಶತಮಾನಗಳ ಸಿಟ್ಟು ಅದರಲ್ಲಿದೆ. ನನ್ನ ಗ್ರಂಥದಲ್ಲಿ ಇದರ ಚಿತ್ರ ಹಾಕಿಸುತ್ತೇನೆ."

ಸಿದ್ದಮಲ್ಲಪ್ಪನಿಗೆ ಕೆಮ್ಮು ಬಂತು.

"ಗಂಡಸು ಹೇಗಾದರೂ ಇರಲಿ," ಎಂದರು ಸಾಹೇಬರು. "ಮೈಸೂರಿನಿಂದ ಇಲ್ಲಿಗೆ ಒಂದು ಚಕ್ಕೆ ಏಳದ ಹಾಗೆ ಬಂದಿದೆಯಲ್ಲ. ಇಳಿಸಿ ತಂದವನು ಯಾರು?"

"ರಂಗನಾಯಕ ಅಂತ, ನಮ್ಮ ಹಂಗಾಮಿ ಜವಾನ. ಇಲ್ಲೇ ಎಲ್ಲೋ ಇದ್ದ."

"ಅಂಥವರೇ ಬೇಕು. ಕಾಯಂ ಮಾಡಿ."

ಹೆಜ್ಜೆಗಳು ದೂರವಾದವು. ಕಾರು ಹೊರಟಿತು. ರಂಗನಾಯಕ ಗುದ್ದಲಿ ಎಸೆದು, ಕಂಬಳಿ ಕಿತ್ತು, ಕಣ್ಣುಮುಚ್ಚಿ ಎರಡೂ ಕೈಯಲ್ಲಿ ಮೈ ಕೆರೆದುಕೊಂಡ. ಇಷ್ಟು ಸುಖ ಅವನು ಕಂಡಿರಲಿಲ್ಲ.

"ಗೆದ್ದೆ ಕಣಮ್ಮಿ," ಎಂದ ಬೊಂಬೆಯ ಬೆನ್ನಿಗೆ. "ಒಂದ ಒಡುದ್ರೂ ಕೆಲ್ಸ ಕಾಯಂ ಆಯ್ತು."

"ಒಂದಲ್ಲ, ಎರಡ್ನೂ ಒಡುದಾಕಿದ್ದೆ ನೀನು. ನಿನ್ನ ಕೆಲ್ಸ ಉಳೀಲಿ ಅಂತ ಸಿದ್ದಮಲ್ಲಪ್ನೋರು ಕರುದ್ರು, ಬಂದು ಕೂತೆ," ಎಂದು ಸೆರಗು ಸರಿಸಿ ಇತ್ತ ತಿರುಗಿದಳು ಚಿಕ್ಕನಿಂಗಮ್ಮ.