ಹದಿನಾಲ್ಕು ಕಾಗದಗಳಿಗೆ ಒಂದು ಉತ್ತರ

ಮದ್ರಾಸಿನಿಂದ ತಂದ ಹಳೆಯ ವಿಡಿಯೋ ಗೇಮ್ ಯಂತ್ರಕ್ಕೆ ಸಾವಿರದ ಇನ್ನೂರು ರೂಪಾಯಿ. ಜಪಾನಿಗೆ ಬರೆದ ಕಾಗದ ಹದಿನಾಲ್ಕು. ಅವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟವನಿಗೆ ಒಂದು ರೇಡಿಯೋ ರಿಪೇರಿ, ಪುಕ್ಕಟೆ. ಕಾದದ್ದು ಎರಡು ವರ್ಷ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಟಿವಿ ರಿಪೇರಿ ಮಾಡುವ ಹೊನ್ನೂರಪ್ಪನಿಗೆ ಬೇಕಾಗಿದ್ದದ್ದು ಒಂದು ಪುಸ್ತಕ. ಆ ಯಂತ್ರಕ್ಕೆ ಹೊಸ ಆಟ ಬರೆಯುವುದು ಹೇಗೆಂದು ತಿಳಿಸುವ ಪುಸ್ತಕ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಯಂತ್ರ ಮಾಡಿದ ಕಂಪನಿಯೇ ಮನಸ್ಸು ಮಾಡಿ ಕೊಡಬೇಕು. ಅವನು ಯಂತ್ರ ಬಿಚ್ಚಿ ನೋಡಿದ್ದ. ತಂತಿ ತಂತಿಯೂ ಅರ್ಥವಾಗಿತ್ತು. ಪರದೆಯ ಮೇಲೆ ತನ್ನದೊಂದು ಚುಕ್ಕಿ ಮೂಡಿಸುವುದು ಮಾತ್ರ ಬಗೆಹರಿದಿರಲಿಲ್ಲ. ಅದೊಂದು ಬಂದರೆ ಅ, ಆ, ಇ, ಈ ಕಲಿಸುವ ಆಟ ಮಾಡಬಹುದು. ಹುಟ್ಟಲಿರುವ ತನ್ನ ಕೂಸು ಆಡುತ್ತಲೇ ಅಕ್ಷರ ಕಲಿಯಬೇಕು, ಅಷ್ಟೇ ಅವನ ಆಸೆ.

ಹೋದ ತಿಂಗಳು ಕಂಪನಿಯಿಂದ ಉತ್ತರ ಬಂದಿತ್ತು. ಒಂದು ಪ್ರತಿ ಕಳಿಸುತ್ತೇವೆ. ಎರಡನೆಯದನ್ನು ಯಾವ ಕಾರಣಕ್ಕೂ ಕೊಡುವುದಿಲ್ಲ. ಬಾಡಿಗೆಯ ಮನೆ, ಬಾಡಿಗೆಯ ಅಂಗಡಿ ಎಂದು ಹೊನ್ನೂರಪ್ಪ ಪುಸ್ತಕ ಕಳಿಸಲು ಕುರುಗೋಡಿನ ಮಾವನ ವಿಳಾಸ ಕೊಟ್ಟಿದ್ದ.

ಆದರೆ ಆ ಮಂಗಳವಾರ ಮಧ್ಯಾಹ್ನ ಪುಸ್ತಕದ ನೆನಪೇ ಅವನ ತಲೆಯಿಂದ ಹಾರಿಹೋಯಿತು. ಕುರುಗೋಡಿನ ಬಸ್ಸಿನ ಕಂಡಕ್ಟರ್ ಜಂಬಣ್ಣ ಅಂಗಡಿಯ ಮುಂದೆ ಬಂದು ನಿಂತಿದ್ದ.

"ಹೊನ್ನೂರಣ್ಣ, ಅಂಗಡಿ ಮುಚ್ಚು. ನಿಮ್ಮ ಮಾವ ಬಸ್ಸಿಗೆ ಅಡ್ಡ ನಿಂತು ಹೇಳಿಕಳಿಸ್ಯಾನ. ನೀ ಕೂಡ್ಲೇ ಬರಬೇಕಂತ."

"ಯಾಕಂತ?"

"ಕೇಳ್ದೆ. ಬಾಯಿ ಬಿಡಲಿಲ್ಲ." ಜಂಬಣ್ಣ ದನಿ ತಗ್ಗಿಸಿದ. "ತಲಿ ಮ್ಯಾಗ ನೀರು ಹಾಕ್ಕೊಂಡು, ಒದ್ದಿ ಧೋತ್ರದಾಗ ನಿಂತಿದ್ದ."

ಹೊನ್ನೂರಪ್ಪ ಸ್ಕ್ರೂಡ್ರೈವರ್ ಅಲ್ಲೇ ಬಿಟ್ಟು ಅಂಗಡಿಯ ಬಾಗಿಲು ಎಳೆದ. ಹೆಂಡತಿ ಈರಮ್ಮ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಒಂಬತ್ತು ತುಂಬಿತ್ತು.

ದಿನವೂ "ಏನ್ರೀ ಟಿವಿ ಡಾಕ್ಟ್ರೇ, ಇವತ್ತು ಎಷ್ಟು ಹೆಣ ಎಬ್ಬಿಸಿದ್ರಿ?" ಎಂದು ಕೆಣಕುವ ಜಂಬಣ್ಣ ಇಂದು ಟಿಕೀಟು ಕೊಟ್ಟವನೇ ಮುಖ ತಿರುಗಿಸಿಕೊಂಡ.

"ಆಸ್ಪತ್ರಿಗೆ ಒಯ್ದಾರೇನು?"

"ನಂಗೇನೂ ಗೊತ್ತಿಲ್ಲಣ್ಣ. ಧೈರ್ಯ ತಗೋ."

ಧೈರ್ಯ ಎಲ್ಲಿಂದ ತರುವುದು? ಹೊನ್ನೂರಪ್ಪ ಮುಂದಿನ ಸೀಟಿನ ಕಂಬಿ ಹಿಡಿದು ಕೂತ. ಮೊದಲ ಹೆರಿಗೆಯಲ್ಲಿ ತೀರಿಕೊಂಡ ಹೆಂಗಸರ ಹೆಸರುಗಳು ಒಂದೊಂದಾಗಿ ನೆನಪಾದವು. ಬೇಡವೆಂದರೂ ನಿಲ್ಲಲಿಲ್ಲ. ಕುರುಗೋಡಿನ ಕಲ್ಲುಗುಡ್ಡ ಕಂಡಾಗ ಬಸ್ಸು ಅಲ್ಲೇ ಕೆಟ್ಟು ನಿಂತರೆ ಸಾಕೆನಿಸಿತು. ಮನೆ ತಲುಪದಿರುವಷ್ಟು ಹೊತ್ತು ಏನೂ ಆಗಿಲ್ಲ.

ಬೀದಿಯಲ್ಲಿ ಇಬ್ಬರು ಮುದುಕರು ಅವನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬ ತಲೆಯ ರುಮಾಲು ತೆಗೆದ.

ಮಾವನ ಮನೆಯ ಮುಂದೆ ನೀರು ಚೆಲ್ಲಿತ್ತು. ಕಟ್ಟೆಯ ಪಕ್ಕದಲ್ಲಿ ಏನನ್ನೋ ಸುಟ್ಟ ಗುರುತು, ಇನ್ನೂ ಸಣ್ಣಗೆ ಹೊಗೆ. ಅತ್ತೆ ಉಚ್ಚಂಗೆಮ್ಮ ಒದ್ದೆ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಅಳಿಯನನ್ನು ಕಂಡವಳೇ ಸೆರಗು ಬಾಯಿಗೊತ್ತಿ ಬಿಕ್ಕಿದಳು.

"ಈರಮ್ಮ ಎಲ್ಲಿ?" ಹೊನ್ನೂರಪ್ಪ ಕೇಳಿದ.

"ಒಳಗ ಮಲಗ್ಯಾಳ, ಅಳ್ಯಾರ. ಮೆಲ್ಲಕ ಮಾತಾಡ್ರಿ. ಆಕಿಗಿನ್ನೂ ಹೇಳಿಲ್ಲ."

ಹಾಗಾದರೆ ಕೂಸು. ಹೊಟ್ಟೆಯಲ್ಲೇ.

ಅವನು ಬಾಗಿಲಿಗೆ ನುಗ್ಗಿದ. ನಡುಮನೆಯಲ್ಲಿ ಈರಮ್ಮ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ನೋಡುತ್ತಿದ್ದಂತೆಯೇ ಅವಳ ಹೊಟ್ಟೆ ಒಂದು ಕಡೆ ಉಬ್ಬಿ ತಗ್ಗಿತು. ಕೂಸು ಒದ್ದಿತ್ತು.

ಅವನು ಹೊರಗೆ ಬಂದು ಮಾವನ ತೋಳು ಹಿಡಿದ. "ಮಾವಾರ, ಯಾರು ಹೋದ್ರು?"

ಮಾವ ಅಂಜಿನಪ್ಪ ಕಣ್ಣೊರೆಸಿಕೊಂಡ. "ನಿಮ್ಮ ಕಡ್ಯಾರೇ ಇರಬೇಕು. ಸುದ್ದಿ ನಿಮ್ಮ ಹೆಸರಿಗೇ ಬಂದೈತಿ. ಪೋಸ್ಟಿನಾತ ಹೆಸರು ಓದಿ ಹೇಳಿದ."

ಸಿರುಗುಪ್ಪದಲ್ಲಿ ಹೊನ್ನೂರಪ್ಪನ ತಾಯಿ ಊರಮ್ಮ ಒಬ್ಬಳೇ ಇದ್ದಳು. ಹದಿನೈದು ದಿನದಿಂದ ಕೆಮ್ಮು. "ಸಿರುಗುಪ್ಪದಿಂದ ಬಂತೇನು? ನಮ್ಮವ್ವ..."

"ನಿಮ್ಮವ್ವ ಗುಂಡುಕಲ್ಲು ಇದ್ದಂಗದಾಳ! ಹತ್ತೂವರಿ ಬಸ್ಸಿಗೆ ನಮ್ಮ ಹುಡುಗನ್ನ ಓಡಿಸಿದ್ದೆ. ಈಗ ತಿರುಗಿ ಬಂದ. ರೊಟ್ಟಿ ಬಡೀತಿದ್ಲಂತ. ಇವನ ಬೆನ್ನಿಗೂ ಎರಡು ಬಡಿದು ಕಳಿಸ್ಯಾಳ, ಕೆಟ್ಟ ಸುದ್ದಿ ಕೇಳಾಕ ಬಂದೀ ಏನಲೇ ಅಂತ."

"ಮತ್ತ ಕಾಗದದಾಗ ಏನಿತ್ತು?"

"ಯಾರಿಗೆ ಗೊತ್ತು? ಬರೇ ಇಂಗ್ಲೀಷು. ಆದ್ರ ಸುತ್ತಲೂ ಕರಿ ಅಂಚು ಇತ್ತು, ಅಳ್ಯಾರ. ಬೆರಳಗಲ ಕರಿ ಅಂಚು! ಸಾವಿನ ಕಾಗದ ತುಂಬಿದ ಬಸುರಿ ಇರೋ ಮನಿಯೊಳಗ ತರಬಹುದೇನು? ಹೊಸ್ತಿಲ ಹೊರಗೇ ಹರಿದು ಸುಟ್ಟು ಜಳಕ ಮಾಡಿದ್ವಿ."

ಉಚ್ಚಂಗೆಮ್ಮ ನಾಲ್ಕು ಬೆರಳು ಜೋಡಿಸಿ ತೋರಿಸಿದಳು. "ಇಷ್ಟು ದಪ್ಪ ಇತ್ರಿ. ಹರಿಯಾಕ ಒಂದು ತಾಸು ಹಿಡೀತು. ಸತ್ತೋರು ಭಾಳ ದೊಡ್ಡ ಮನುಷ್ಯಾರಿರಬೇಕು. ನಡುನಡುವೆ ಚೌಕ ಚೌಕದ ಗೊಂಬಿ ಬ್ಯಾರೆ ಬರೆದಿದ್ರು."

ಯಾರೂ ಸತ್ತಿರಲಿಲ್ಲ. ಹೆಂಡತಿ ಕ್ಷೇಮ, ಹೊಟ್ಟೆಯ ಕೂಸು ಕ್ಷೇಮ, ತಾಯಿ ಕ್ಷೇಮ. ಜಪಾನಿನ ಪುಸ್ತಕ ಬೂದಿ.