ಕಂಬದ ಹೊಳಪು

"ಯಾರೂ ಕಂಬ ಮುಟ್ಟಬೇಡಿ" ಎಂದು ವರ್ಷಾ ಹೇಳಿ ಮುಗಿಸುವಷ್ಟರಲ್ಲಿ, ಕೊಣನೂರು ಸಂತೆಯಿಂದ ಬಂದ ಅವಳ ಅಜ್ಜಿ ಅಣ್ಣಮ್ಮ ಸೊಪ್ಪಿನ ಚೀಲ ಇಳಿಸಿ, ಗುಡಿಯ ಜಗಲಿಯ ಮೇಲೆ ಕೂತು, ಅದೇ ಕಂಬಕ್ಕೆ ಆರಾಮಾಗಿ ತಲೆ ಒರಗಿಸಿದಳು. ಗೈಡ್ ಆದ ಮೇಲೆ ವರ್ಷಾಗೆ ಇದು ಮೊದಲ ತಂಡ. ಕಂಬದ ಒಂದು ಕಡೆ ಅಂಗೈಯಗಲ ಮಿರಮಿರ ಹೊಳೆಯುವುದನ್ನು ತೋರಿಸಿ, ಇದು ಹೊಯ್ಸಳ ಶಿಲ್ಪಿಯ ಕೈಚಳಕ ಎಂದು ಆಗಷ್ಟೇ ಹೊಗಳಿದ್ದಳು. ಅಜ್ಜಿಯ ಎಣ್ಣೆತಲೆ ಸರಿಯಾಗಿ ಅಲ್ಲೇ ಕೂತಿತ್ತು.

ಹಾಸನದಿಂದ ಬಂದಿದ್ದ ಹೆಂಗಸೊಬ್ಬರು ಕಿಸಕ್ಕನೆ ನಕ್ಕರು. "ಹಾಗಾದ್ರೆ ಶಿಲ್ಪಿ ಇವರೇನಾ?"

"ನಮ್ಮತ್ತೆ, ಅವ್ರತ್ತೆ, ಎಲ್ಲಾ ಗದ್ದೆ ಕೆಲ್ಸ ಮುಗ್ಸಿ ಬಂದು ಇಲ್ಲೇ ಒರಗ್ತಿದ್ದಿದ್ದು ಕಣವ್ವಾ" ಎಂದಳು ಅಜ್ಜಿ, ತಲೆಯೆತ್ತದೆ. "ಅಗೋ, ಆ ಕೆಳಗಿಂದು ಇವಳ್ದು. ಸಣ್ಣೋಳಿದ್ದಾಗ ದಿನಾ ನನ್ ಪಕ್ಕ ಒರಗ್ಕಂಡು ನಿದ್ದೆ ಮಾಡ್ತಿದ್ಲು."

ಎಲ್ಲರೂ ಬಗ್ಗಿ ನೋಡಿದರು. ಒಂದು ಗೇಣು ಕೆಳಗೆ, ಮಗುವಿನ ತಲೆಯಷ್ಟಗಲ, ಇನ್ನೊಂದು ಹೊಳಪಿತ್ತು.

ವರ್ಷಾಳ ಮುಖ ಕೆಂಪಾಯಿತು. ಆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲಿಗಿಂತ ಗಟ್ಟಿಯಾಗಿ ಹೇಳಿದಳು:

"ನಾನು ಹೇಳಿದ್ದು ತಪ್ಪಾಯ್ತು, ಮೇಡಂ. ಕಂಬ ಹೊಯ್ಸಳರದು. ಹೊಳಪು ನಮ್ಮನೆ ಹೆಂಗಸ್ರದು."